ಬದಲಾಗದ ಬೀಗ

ಅತ್ತಿಗೆಗೆ ನಮಸ್ಕಾರ.

ಡಿಶ್ ಕಂಪನಿಯಲ್ಲಿ ಕೂತು ಚಾನೆಲ್‌ಗಳಿಗೆ ಗುಪ್ತಸಂಕೇತದ ಬೀಗ ಹಾಕುವವನು ಅಣ್ಣ. ಅಂಗಡಿಯಲ್ಲಿ ಕೂತು, ಡಿಶ್ ಪೆಟ್ಟಿಗೆಗೆ ಹಾಕುವ ನಕಲಿ ಕಾರ್ಡ್ ಮಾಡಿ ಆ ಬೀಗ ತೆಗೆಯುವವನು ನಾನು. "ಕಳ್ಳನ ಹತ್ರ ನಂಗೇನು ಮಾತು" ಎಂದು ಅವನು ಮುಖ ತಿರುಗಿಸಿ ಒಂಬತ್ತು ವರ್ಷವಾಯಿತು. ಆದರೂ ತಿಂಗಳ ಮೊದಲ ಸೋಮವಾರ ಅವನು ತಪ್ಪದೆ ಸಂಕೇತ ಬದಲಿಸುತ್ತಿದ್ದ, ನನ್ನ ಗಿರಾಕಿಗಳ ಪರದೆಯೆಲ್ಲ ಕಪ್ಪಾಗುತ್ತಿತ್ತು. 'ಇದಾನೆ, ಗಟ್ಟಿಯಾಗೇ ಇದಾನೆ' ಅಂದುಕೊಂಡು ನಾನು ಹೊಸ ಕಾರ್ಡ್ ಮಾಡಲು ಕೂರುತ್ತಿದ್ದೆ.

ಈಗ ನಾಲ್ಕು ತಿಂಗಳಿಂದ ಹಳೆಯ ಕಾರ್ಡೇ ನಡೆಯುತ್ತಿದೆ. ಗಿರಾಕಿಗಳಿಗೆ ಖುಷಿಯೋ ಖುಷಿ. ನನಗೆ ಊಟ ಸೇರುತ್ತಿಲ್ಲ. ನೀವೂ ಫೋನ್ ಎತ್ತುತ್ತಿಲ್ಲ.

ಅವನು ಮಾತಾಡುವುದು ಬೇಡ, ಕಾಗದ ಬರೆಯುವುದೂ ಬೇಡ. ಕೈ ಆಡುತ್ತಿದ್ದರೆ, ಒಂದೇ ಒಂದು ಸಲ ಬೀಗ ಬದಲಿಸಲು ಹೇಳಿ.

ಈ ಸಲ ನಾನು ತೆಗೆಯುವುದಿಲ್ಲ.

ನಿಮ್ಮ ಮೈದುನ