ಹಸಿರು ಸೈಕಲ್ಲಿನ ಸವೆದ ಬಾರ್

ಬಿಟಿಎಂ ಲೇಔಟ್
ಗುರುವಾರ

ಮುನಿವೆಂಕಟಮ್ಮನವರಿಗೆ,

ನಿಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮಹಾಂತೇಶನ ನಮಸ್ಕಾರ.

ನಾನು ಜರಗನಹಳ್ಳಿ ಬಿಡುವಾಗ ನೀವು, ತೀರಿಹೋದ ಯಜಮಾನರ ಎರಡು ಹಳೆಯ ಸ್ಟೀಲ್ ರೇಸ್ ಸೈಕಲ್ ಫ್ರೇಮ್‌ಗಳನ್ನು ಗೋಡೆಯಿಂದ ಇಳಿಸಿ, "ಯಾವ್ದಾದ್ರೂ ಒಂದು ತಗೊಳಪ್ಪ, ದಿನಾ ಓಡಿಸ್ಬೇಕು ಅಷ್ಟೇ" ಅಂದಿರಿ. ನಾನು ಹೊಳೆಯುವ ನೀಲಿಯದನ್ನು ಆರಿಸಿಕೊಂಡೆ. ಹಸಿರಿನದರಲ್ಲಿ ಸೀಟಿನ ಮುಂದಿನ ಬಾರ್ ಬಣ್ಣ ಸವೆದು ಬೋಳಾಗಿತ್ತು. "ಅದು ಗುಜರಿಗೇ ಸರಿ ಅಮ್ಮಾ" ಎಂದೂ ಹೇಳಿಬಿಟ್ಟೆ.

ನೀಲಿ ದಿನದ ಓಡಾಟಕ್ಕೆ ಆಗಲಿಲ್ಲ. ಮಡ್‌ಗಾರ್ಡ್ ಹಿಡಿಸುವುದಿಲ್ಲ, ಕ್ಯಾರಿಯರ್ ಕೂರುವುದಿಲ್ಲ, ಸ್ವಲ್ಪ ದಪ್ಪ ಟೈರ್ ಹಾಕಿದರೂ ಉಜ್ಜುತ್ತದೆ. ಹಸಿರಿನದರಲ್ಲಿ ಇವಕ್ಕೆಲ್ಲ ಜಾಗವಿತ್ತು. ಅದಲುಬದಲು ಕೇಳೋಣವೆಂದು ಮೊನ್ನೆ ನಿಮ್ಮ ಮಗಳು ಅರ್ಪಿತಳಿಗೆ ಫೋನ್ ಮಾಡಿದೆ.

"ನೀವೇ ಹೇಳಿದ್ರಲ್ಲ ಅಣ್ಣ, ಅಮ್ಮ ಗುಜರಿಗೆ ಹಾಕ್ಬಿಟ್ರು" ಎಂದಳು. ಆಮೇಲೆ, "ಆ ಬಣ್ಣ ಅಮ್ಮ ಕೂತು ಕೂತು ಸವೆದಿದ್ದು. ಪ್ರತಿ ಶುಕ್ರವಾರ ಅಪ್ಪ ಮುಂದೆ ಕೂರಿಸ್ಕೊಂಡು ಬನಶಂಕರಿ ಗುಡಿಗೆ ಕರ್ಕೊಂಡು ಹೋಗ್ತಿದ್ರು" ಎಂದಳು.

ಕನಕಪುರ ರಸ್ತೆಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಸಿಗಲಿಲ್ಲ.

ಭಾನುವಾರ ನೀಲಿ ಫ್ರೇಮ್ ತರುತ್ತೇನೆ. ಬೇಡ ಅನ್ನಬೇಡಿ. ಮೊದಲಿದ್ದ ಮೊಳೆಗೇ ತೂಗುಹಾಕಿ ಬರುತ್ತೇನೆ. ಕಾಫಿ ಗೀಫಿ ಏನೂ ಮಾಡಬೇಡಿ. ಆಗುವುದಾದರೆ ಒಂದು ಸಲ ಬೈದುಬಿಡಿ.

ಅವತ್ತು ನಾನು ಆರಿಸುವಷ್ಟು ಹೊತ್ತೂ ನೀವು ಆ ಸವೆದ ಬಾರ್ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಿರಿ. ನಾನು ಬಣ್ಣ ಮಾತ್ರ ನೋಡಿದೆ.

ನಿಮ್ಮ ಮಹಡಿ ಮನೆಯ,
ಮಹಾಂತೇಶ