ಕಾಲುಬೆರಳ ಸಂದಿಗೆಂದು ತಂದ ಮುಲಾಮು

ಮಧುರೆ
೨೨-೭-೧೯೯೩, ಗುರುವಾರ

ಚಿ. ಸೌ. ಮುತ್ಯಾಲಮ್ಮನಿಗೆ ನಿನ್ನ ವಾರಗಿತ್ತಿ ಅಶ್ವತ್ಥಮ್ಮ ಮಾಡುವ ಆಶೀರ್ವಾದ.

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಎದುರಿಗೆ ಮೂಗು ಮುಚ್ಚಿಕೊಂಡು ಕುಳಿತಿರುವ ಮಹಾಜನಗಳೇ! ಇಂದಿನ ಚರ್ಚೆಯ ವಿಷಯ: ಹೆಂಗಸರ ಬಿಳಿಸೆರಗಿಗೆ, ಅದರ ಮೀನು ನಾತಕ್ಕೆ, ಅಂಗಡಿಯ ಮದ್ದುಗಳಲ್ಲಿ ಯಾವುದು ಮೇಲು? ನಗಬೇಡ ಕಣೇ. ಬಿ.ಎ. ಓದುವಾಗ ಚರ್ಚಾಸ್ಪರ್ಧೆಯಲ್ಲಿ ಸ್ಟೀಲ್ ಲೋಟ ಗೆದ್ದ ಬಾಯಿ ಇದು. ನಲವತ್ತೈದಾದರೂ ಪೀಠಿಕೆಯಿಲ್ಲದೆ ತೆರೆಯುವುದಿಲ್ಲ.

ಬೂದಿಗೆರೆಯಲ್ಲಿ ನಿನ್ನ ತವರಿನವರೆಲ್ಲ ಕ್ಷೇಮವೇ? ಉರಿ ಇಳಿದಿದೆಯೇ? ಒಳಬಟ್ಟೆಯನ್ನು ಅಲ್ಲಾದರೂ ಬಿಸಿಲಿಗೆ ಹಾಕುತ್ತೀಯೋ, ಇಲ್ಲಿಯಂತೆ ಒದ್ದೆ ಸೀರೆಯ ಕೆಳಗೇ ಬಚ್ಚಿಟ್ಟು ಒಣಗಿಸುತ್ತೀಯೋ? ನಾವಿಲ್ಲಿ ಕ್ಷೇಮ. ಎಲ್ಲರೂ ಹೊಟ್ಟೆತುಂಬ ಉಣ್ಣುತ್ತಾರೆ, ಬಾಯ್ತುಂಬ ನಿನ್ನನ್ನು ಬೈಯುತ್ತಾರೆ.

ನಿನಗಾಗಿ ನಾನು ಪಟ್ಟ ಪಾಡು ನೆನಪಿದೆಯಷ್ಟೆ. ಯುಗಾದಿಯ ವಾರದಲ್ಲಿ ಬಚ್ಚಲ ಹಿಂದೆ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನೀನು ಓದಿದೋಳು, ಏನಾದ್ರೂ ಮಾಡಕ್ಕಾ" ಅಂತ ಕಣ್ಣೀರು ಹಾಕಿದೆ. ಗಂಗಣ್ಣನ ಮೆಡಿಕಲ್ ಸ್ಟೋರಿಗೆ ಹೋದೆ. ಅಲ್ಲಿ ನಿಂತ ಗಂಡಸರ ನಡುವೆ ಏನಂತ ಬಾಯಿ ಬಿಡಲಿ? "ಯಾರ್ಗಮ್ಮಾ, ಎಲ್ಲಿಗೆ?" ಅಂತ ಕೇಳಿದ. ಕಾಲುಬೆರಳ ಸಂದಿಗೆ ಅಂದೆ. ಪಾಪ, ಬೆರಳ ಸಂದಿಯ ಮುಲಾಮನ್ನೇ ಕೊಟ್ಟ. ಅದು ಉರಿಯಿತು. ಆಮೇಲೆ ಗಾಯ ತೊಳೆಯುವ ಕಂದು ನೀರಿನ ಸೀಸೆ. ಬಕೆಟ್ಟಿಗೆ ಒಂದು ಮುಚ್ಚಳ ಅಂತ ಚೀಟಿಯಲ್ಲಿತ್ತು. ಚೊಂಬಿಗೆ ಎರಡು ಹಾಕಿಕೋ ಅಂದೆ. ನೀನು ಸೆರಗನ್ನು ಬಾಯಿಗೆ ತುರುಕಿಕೊಂಡು ತೊಳೆದುಕೊಂಡೆ. ನಾಲ್ಕು ದಿನಕ್ಕೆ ನಾತ ದುಪ್ಪಟ್ಟಾಯಿತು. ಕಡೆಗೆ ಮಲ್ಲಿಗೆ ಘಮದ ಪೌಡರ್ ತಂದುಕೊಟ್ಟೆ. "ನಿನ್ನ ಋಣ ಹೆಂಗ್ ತೀರಿಸ್ಲಕ್ಕಾ" ಅಂದೆಯಲ್ಲ, ಈಗಲೂ ಕಿವಿಯಲ್ಲಿದೆ.

ಪೌಡರ್ ಹಚ್ಚಿಕೊಂಡು ನೀನು ರೇಷ್ಮೆ ಹುಳದ ಮನೆಗೆ ಹೋದೆ. ಹುಳಕ್ಕೆ ನಾತವೂ ಆಗದು, ಘಮವೂ ಆಗದು. ಮುಡಿದ ಹೂವನ್ನೂ ಹೊಸಿಲಾಚೆ ತೆಗೆದಿಟ್ಟು ಹೋಗಬೇಕೆಂಬುದು ಈ ಮನೆಯ ಕಟ್ಟು. ಹದಿನೆಂಟು ವರ್ಷ ನನ್ನ ಸೊಂಟದಲ್ಲಿದ್ದ ಹುಳದ ಮನೆಯ ಬೀಗದ ಕೈಯನ್ನು ಅತ್ತೆ ನಿನ್ನ ಸೊಂಟಕ್ಕೆ ಸಿಕ್ಕಿಸಿದ್ದು ನಿನ್ನ ಕೈ ಹುಳಕ್ಕೆ ಒಗ್ಗುತ್ತದೆಂದೇ ಅಲ್ಲವೇ? ಗೂಡು ಕಟ್ಟಲು ವಾರವಿರುವಾಗ ತಟ್ಟೆ ತಟ್ಟೆ ಹುಳವೇ ಕಪ್ಪಾಗಿ ಸತ್ತಿತು. ಬಾಗಿಲಲ್ಲಿ ನಿಂತು ಅತ್ತೆ ಮೂಸಿದರು. "ಥೂ, ಹೊಲಸು ಮುಂಡೇದೇ! ಮೇಲೆ ಮಲ್ಲಿಗೆ, ಒಳಗೆ ಮೀನು! ನನ್ನ ಹುಳ ತಿಂದ್ಯಲ್ಲೇ!" ಆ ಸಂಜೆ ಸೊಪ್ಪು ಬಿಡಿಸುವ ಹೆಂಗಸರ ನಡುವೆ ನಾನೊಂದು ಪದ ಕಟ್ಟಿದೆ:

ಮುತ್ತು ಬಂದ್ಲು ಮೂಗು ಮುಚ್ಚಿ,
ಮಡ್ಲಲ್ ಮೀನು ಇಟ್ಟವ್ಳೆ ಬಚ್ಚಿ.

ತಮಾಷೆಗೆ ಅಂದದ್ದು, ತಂಗಿ. ಪ್ರಾಸ ತಾನಾಗಿ ಬಂತು, ಬಂದದ್ದನ್ನು ನುಂಗಿಕೊಳ್ಳಲು ನನಗೆ ಬರುವುದಿಲ್ಲ. ಮಾರನೇ ದಿನ ನಲ್ಲಿಯ ಹತ್ತಿರ ಹುಡುಗಿಯರು ಹಾಡಿದರು. ಮೂರನೇ ದಿನ ನಿನ್ನ ಗಂಡ ದೇವೇಂದ್ರ ಜಗುಲಿಗೆ ಹಾಸಿಗೆ ಎಳೆದುಕೊಂಡ. ನಾಲ್ಕನೇ ದಿನ ನೀನು ಟ್ರಂಕು ಹೊತ್ತು ಬಸ್ಸು ಹತ್ತಿದೆ.

ಇಲ್ಲಿಯ ಸುದ್ದಿ ಇಷ್ಟೆ. ಬೀಗದ ಕೈ ನನ್ನ ಸೊಂಟಕ್ಕೆ ಮರಳಿದೆ. ನಾನು ಸಾಕಿದ ಹುಳವೂ ಮೊನ್ನೆ ಹಾಗೆಯೇ ಕಪ್ಪಾಗಿ ಸತ್ತಿತು. ರೇಷ್ಮೆ ಇಲಾಖೆಯವರು ನೋಡಿ, ಒದ್ದೆ ಸೊಪ್ಪು ಹಾಕಿದ್ದರಿಂದ ಬಂದ ರೋಗ, ಹೋದ ಸಲವೂ ಅದೇ ಇರಬೇಕು ಅಂದರು. ಅತ್ತೆ ನನಗೇನೂ ಅನ್ನಲಿಲ್ಲ. ನಿನ್ನ ನಾತ ಇನ್ನೂ ಗೋಡೆಯಲ್ಲಿದೆಯೆಂದು ಸುಣ್ಣ ಹೊಡೆಸುತ್ತಿದ್ದಾರೆ. ಬರುವ ಸೋಮವಾರ ಅರಿಶಿನಕುಂಟೆಗೆ ದೇವೇಂದ್ರನಿಗೆ ಹೆಣ್ಣು ನೋಡಲು ಹೊರಟಿದ್ದಾರೆ. ಓದಿದವಳು, ನಾಲ್ಕು ಮಾತು ಚೆನ್ನಾಗಿ ಆಡುತ್ತಾಳೆಂದು ನನ್ನನ್ನೂ ಕರೆದಿದ್ದಾರೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹಚ್ಚಿಕೊಳ್ಳಲು ಹೊಸದೊಂದು ಡಬ್ಬಿಯನ್ನು ಇದರ ಜೊತೆ ಕಳಿಸಿದ್ದೇನೆ. ದಿನಕ್ಕೆ ಮೂರು ಸಲ, ಉರಿದರೂ ಬಿಡಬೇಡ. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಮುತ್ತೈದೆಯಾಗಿ ನೂರು ಕಾಲ ಬಾಳು.

ಇಂತಿ ನಿನ್ನ ಹಿತವನ್ನೇ ಬಯಸುವ ಅಕ್ಕ,
ಅಶ್ವತ್ಥಮ್ಮ, ಬಿ.ಎ.

ಮ.ಮ.: ಡಬ್ಬಿ ತೆರೆಯಬೇಡ. ತಿಪ್ಪೆಗೆಸೆ. ಪತ್ರ ತರುವ ಅಪ್ಪಯ್ಯಣ್ಣ ಬಸ್ಸು ತಪ್ಪುತ್ತದೆಂದು ಬಾಗಿಲಲ್ಲಿ ಕೂಗುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಡಬ್ಬಿಗೆ ಈಗಷ್ಟೇ ಸುತ್ತಿದ ಚೀಟಿಯಲ್ಲಿ ದೊಡ್ಡಬಳ್ಳಾಪುರದ ಲೇಡಿ ಡಾಕ್ಟರ ಹೆಸರಿದೆ. ನಾಳೆಯೇ ಹೋಗು, ಸೋಮವಾರದೊಳಗೆ ಬಂದು ನಿನ್ನ ಮನೆಯಲ್ಲಿ ನಿಲ್ಲು. ನೀನು ಸೊಸೆಯಾಗಿ ಬರುವ ಮುಂಚೆ ನನಗೂ ಇದೇ ಆಗಿತ್ತು, ಇದೇ ನಾತ. "ಇದು ಕೊಳಕಲ್ಲಮ್ಮಾ, ಕಾಯಿಲೆ. ಸೋಪು, ಔಷಧಿ ನೀರು ಏನೂ ಒಳಗೆ ಸೋಕಿಸಬೇಡ, ಇನ್ನೂ ಕೆಡುತ್ತೆ" ಅಂದಿದ್ದರು ಆ ಡಾಕ್ಟರು. ಏಳು ದಿನ ಮಾತ್ರೆ ನುಂಗಿದೆ, ವಾಸಿಯಾಯಿತು. ಯಾರಿಗೂ ಹೇಳಲಿಲ್ಲ. ಗಂಗಣ್ಣನ ಅಂಗಡಿಯ ಮೆಟ್ಟಿಲು ಹತ್ತಿದ ಮೊದಲ ದಿನವೇ ನನಗೆಲ್ಲ ಗೊತ್ತಿತ್ತು, ಮುತ್ತು. ನನಗೆ ಬೀಗದ ಕೈ ಬೇಕಿತ್ತು.