ವೇದಿಕೆಗೆ ಬೇಕಾದ ಅಮ್ಮ

ಭಾನುವಾರ, ಮಧ್ಯಾಹ್ನ

ಅಣ್ಣನಿಗೆ ತಂಗಿಯ ನಮಸ್ಕಾರ.

ಕ್ಷೇಮ ಸಮಾಚಾರ ಕೇಳಲು ಇವತ್ತು ಮನಸ್ಸಿಲ್ಲ. ಫೋನಿನಲ್ಲಾದರೆ ಮೀಟಿಂಗ್ ಇದೆ ಎಂದು ಅರ್ಧಕ್ಕೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನ ಆಮಂತ್ರಣ ಪತ್ರಿಕೆ ಬಂತು. ಆಸ್ಪತ್ರೆಗೆ ನೀನು ಕಟ್ಟಿಸಿಕೊಟ್ಟ ವೃದ್ಧರ ವಾರ್ಡಿಗೆ ಅಮ್ಮನ ಹೆಸರು, ಅವಳ ಕೈಯಿಂದಲೇ ಉದ್ಘಾಟನೆ. ಓದಿ ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಅಮ್ಮ ಅದನ್ನು ಎದುರುಮನೆಯ ದರ್ಜಿಗೂ ಹಾಲಿನವಳಿಗೂ ತೋರಿಸಿ ಬಂದಳು. ಅವತ್ತು ಹಾಕಿಕೊಳ್ಳಲಿ ಎಂದು ನಾನೊಂದು ಹೊಸ ಸ್ವೆಟರ್ ತಂದೆ.

ಆಮೇಲೆ ಅತ್ತಿಗೆಯ ಫೋನು ಬಂತು. ಹೊಸದು ಬೇಡ, ಮೊಣಕೈಗೆ ತೇಪೆ ಹಾಕಿದ ಹಳೆಯ ಸ್ವೆಟರಿನಲ್ಲೇ ಕರೆತರಬೇಕಂತೆ. "ಅವ್ರನ್ನ ಹಾಗೇ ನೋಡಿದ್ರೆ ಜನರ ಮನಸ್ಸು ಕರಗುತ್ತೆ ಕಣೇ" ಎಂದರು. ಅಮ್ಮ ಕಂಡವರ ಮನೆಯ ಪಾತ್ರೆ ತಿಕ್ಕಿ ನಿನ್ನನ್ನು ಓದಿಸಿದ್ದು ನಿನ್ನ ಭಾಷಣದಲ್ಲಿ ಬರುತ್ತದಂತೆ. ಫೋಟೋ ಮುಗಿದ ಕೂಡಲೇ ಹಿಂಬಾಗಿಲಲ್ಲಿ ಕಾರು ಸಿದ್ಧವಿರುತ್ತದೆ, ಊಟಕ್ಕೆ ನಿಲ್ಲುವುದು ಬೇಡ, ಅಲ್ಲಿ ದೊಡ್ಡವರೆಲ್ಲ ಇರುತ್ತಾರೆ ಎಂದರು. ಅಣ್ಣನಿಗೆ ಇದು ಗೊತ್ತೇ ಎಂದು ಕೇಳಿದೆ. "ಅವ್ರದ್ದೇ ಐಡಿಯಾ" ಎಂದು ಹೆಮ್ಮೆಯಿಂದ ಹೇಳಿದರು.

ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನೂ ಹೇಳಿಬಿಡುತ್ತೇನೆ. ನಾನು ಲಾಂಡ್ರಿಯಲ್ಲಿ ದುಡಿಯುವುದು ನಿನಗೆ ಗೊತ್ತು. ಯಾವ ಲಾಂಡ್ರಿ ಎಂದು ನೀನು ಕೇಳಿದವನಲ್ಲ. ಕಳೆದ ಸಲ ನಾನೂ ಅಮ್ಮನೂ ನಿನ್ನ ಮನೆಗೆ ಬಂದು ಹೋದ ಮರುದಿನವೇ ನಿನ್ನ ಸೋಫಾದ ಹೊದಿಕೆಗಳು ನನ್ನ ಮೇಜಿಗೆ ಬಂದವು. ಹಸಿರು ಬಟ್ಟೆ, ಹಳದಿ ಅಂಚು. ನಿಮ್ಮ ಮಾಮೂಲಿ ಲಾಂಡ್ರಿಗೆ ಅವತ್ತು ರಜೆಯಂತೆ. ನಮ್ಮಲ್ಲಿ ಒಗೆಯುವ ಮೊದಲು ಕಲೆ ಎಲ್ಲಿದೆ ಎಂದು ಕೇಳಿ, ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುವುದು ಪದ್ಧತಿ. ಕೇಳಿದೆ. ಟೋಪಿ, ಮಾಸ್ಕ್ ಹಾಕಿಕೊಂಡಿದ್ದರಿಂದ ಹೊದಿಕೆ ತಂದಿದ್ದ ನಿನ್ನ ಡ್ರೈವರಿಗೆ ನನ್ನ ಗುರುತು ಹತ್ತಲಿಲ್ಲ. "ಕಲೆ ಏನಿಲ್ಲ. ಯಾರೋ ಬಡ ನೆಂಟ್ರು ಬಂದು ಕೂತಿದ್ರು. ಅವ್ರು ಬಂದು ಹೋದಾಗೆಲ್ಲ ಬಿಚ್ಚಿ ಕಳಿಸ್ತಾರೆ" ಎಂದ.

ಗೆರೆ ಎಲ್ಲಿ ಎಳೆಯಲಿ ಅಣ್ಣಾ? ಅಮ್ಮ ಕೂತಿದ್ದ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ಒಗೆದೆ, ಇಸ್ತ್ರಿ ಮಾಡಿದೆ, ಮಡಚಿ ಕಳಿಸಿದೆ. ನನಗೆ ನಿನ್ನ ಮೇಲೆ ಕೋಪವಿಲ್ಲ, ಹೇಸಿಗೆ ಇದೆ. ಕೋಪವಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅಮ್ಮನಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ನಿನಗೆ ಸಾಲದು. ಮನೆಯಲ್ಲಿ ಒಗೆದು ತೆಗೆಯುವ ಬಡತನವನ್ನೇ ನೀನು ಊರ ಮುಂದೆ ಹರಡಿ ಚಪ್ಪಾಳೆ ಗಿಟ್ಟಿಸಲು ಹೊರಟಿದ್ದೀಯ. 'ತಾಯಿಯ ಸೇವೆಯೇ ಮಗನ ಕರ್ತವ್ಯ' ಎಂದು ಆಮಂತ್ರಣದಲ್ಲಿ ಬೇರೆ ಅಚ್ಚು ಹಾಕಿಸಿದ್ದೀಯ. ಅವಳ ಮಂಡಿಗೆ ಯಾವ ಮುಲಾಮು ಹಚ್ಚುತ್ತೇವೆ, ಹೇಳು ನೋಡೋಣ. ನಮಗೆ ನೀನೇನೂ ಕೊಡುವುದು ಬೇಡ. ಮಗಳ ಮನೆಯಲ್ಲಿ ಅವಳು ಗಂಜಿ ಕುಡಿದರೂ ಯಾವ ಕುರ್ಚಿಯ ಮೇಲೆ ಬೇಕಾದರೂ ಕೂರುತ್ತಾಳೆ.

ಅಮ್ಮನನ್ನು ನಾನು ಕಳಿಸುವುದಿಲ್ಲ. ರಿಬ್ಬನ್ನನ್ನು ಅತ್ತಿಗೆಯೇ ಕತ್ತರಿಸಲಿ. ಬೇಕಿದ್ದರೆ ತೇಪೆಯ ಸ್ವೆಟರನ್ನು ಒಗೆದು ಅವರಿಗೇ ಕಳಿಸಿಕೊಡುತ್ತೇನೆ.

ಇನ್ನೂ ನಿನ್ನ ತಂಗಿಯೇ ಆಗಿರುವ,
ಲಾಂಡ್ರಿಯವಳು

ತಾ.ಕ.: ಏನು ಬರೆದೆ, ಓದಿ ಹೇಳು ಎಂದು ಅಮ್ಮ ಹಟ ಹಿಡಿದಳು. ಸೋಫಾದ ವಿಷಯ ಬಿಟ್ಟು ಉಳಿದದ್ದನ್ನು ಓದಿದೆ. ಬರುತ್ತಾಳಂತೆ. ಮಗ ಕರೆದಿದ್ದಾನೆ, ನಾಲ್ಕು ಜನರೆದುರು ಅವನ ಮರ್ಯಾದೆ ಹೋಗಬಾರದಂತೆ. ಎಷ್ಟು ಬೈದರೂ ಕೇಳಲಿಲ್ಲ. ನಿನಗೊಂದು ಮಾತು ಬರೆಯಲು ಹೇಳಿದ್ದಾಳೆ, ಅವಳು ಹೇಳಿದ ಹಾಗೇ ಬರೆಯುತ್ತೇನೆ: "ವೇದಿಕೆ ಮೇಲೆ ನಂಗೊಂದು ಬರೀ ಮರದ ಕುರ್ಚಿ ಹಾಕ್ಸಪ್ಪ. ಬಟ್ಟೆ ಹೊದಿಸಿದ್ದು ಬೇಡ. ಆಮೇಲೆ ನಿಮಗೆ ಒಗೆಸೋ ಕೆಲಸ."